ಟರ್ಬೊ ಆಯಿಲ್ ಡ್ರೈನ್: ಬ್ರಾಕೆಟ್ ಕೆಳಗೆ ತರಲೋ, ಮೇಲೆ ತರಲೋ?

ನಾಲ್ಕುಸಿಲಿಂಡರ್ ಕೇಳಿದ್ದು:

ಟರ್ಬೊದಿಂದ ವಾಪಸ್ ಬರುವ ಆಯಿಲ್ ಇಳಿಸಲು ಎಂಜಿನ್ ತಳದ ಆಯಿಲ್ ಪ್ಯಾನ್‌ಗೆ ತೂತು ಕೊರೆಯುವ ಮೊದಲು ಗೊತ್ತಿರುವವರನ್ನು ಕೇಳಿಬಿಡೋಣ ಅಂತ. ಎಂಜಿನ್ 2 ಲೀಟರ್, ನಾಲ್ಕು ಸಿಲಿಂಡರ್, ಕಂಪನಿಯಿಂದ ಬಂದಾಗ ಟರ್ಬೊ ಇಲ್ಲದ್ದು. ಗಾಡಿಯಲ್ಲಿ ಉದ್ದುದ್ದಕ್ಕೆ ಕೂತಿದೆ. ಮ್ಯಾನಿಫೋಲ್ಡ್ ನಾವೇ ಕಟ್ಟಿದ್ದು. ಟರ್ಬೊ ಜರ್ನಲ್ ಬೇರಿಂಗಿನದು, ನೀರಿನ ಕೂಲಿಂಗ್ ಇದೆ. ಪುಲ್ಲಿ ಕಡೆ ನಿಂತು ನೋಡಿದರೆ ಟರ್ಬೊ ಎಡಗಡೆಗೆ ಬರುತ್ತದೆ. ಕ್ರ್ಯಾಂಕ್ ತಿರುಗುವುದು ಬಹುತೇಕ ಎಂಜಿನ್‌ಗಳ ಹಾಗೆ ಗಡಿಯಾರದ ದಿಕ್ಕಿಗೆ.

ಅಳತೆಗಳು ಹೀಗಿವೆ:

ಟರ್ಬೊದ ಡ್ರೈನ್ ರಂಧ್ರ 16 ಮಿ.ಮೀ. ಡ್ರೈನ್ ಫ್ಲ್ಯಾಂಜ್‌ನಿಂದ ಪ್ಯಾನ್‌ನಲ್ಲಿ ಬಂಗ್ (ಪೈಪ್ ಜೋಡಿಸಲು ವೆಲ್ಡ್ ಮಾಡುವ ಗಿಡ್ಡ ಬಾಯಿ) ಹಾಕಬೇಕೆಂದಿರುವ ಜಾಗಕ್ಕೆ ನೇರ ಇಳಿವು 180 ಮಿ.ಮೀ. ಎಂಜಿನ್ ಕಡೆಗೆ ಅಡ್ಡಲಾಗಿ 120, ಗಾಡಿಯ ಮುಂಭಾಗದ ಕಡೆಗೆ 200. ಪ್ಯಾನ್ ತಗಡಿನದು, ಅಲ್ಯೂಮಿನಿಯಂ ಅಲ್ಲ. ಆಯಿಲ್‌ನ ಫುಲ್ ಮಾರ್ಕ್ ಪ್ಯಾನ್ ರೈಲ್‌ನಿಂದ (ಬ್ಲಾಕಿಗೆ ಬೋಲ್ಟ್ ಆಗುವ ಪ್ಯಾನ್‌ನ ಮೇಲಂಚು) 55 ಮಿ.ಮೀ. ಕೆಳಗೆ. ಕ್ರ್ಯಾಂಕ್‌ನ ಕೌಂಟರ್‌ವೇಟ್ (ಸಮತೋಲನದ ತೂಕ) ರೈಲ್‌ನಿಂದ 20 ಮಿ.ಮೀ. ಕೆಳಗಿನವರೆಗೆ ಬಂದು ಹೋಗುತ್ತದೆ.

ತೊಂದರೆ ಏನೆಂದರೆ ನಡುವೆ ಎಂಜಿನ್ ಮೌಂಟ್ ಬ್ರಾಕೆಟ್ ಅಡ್ಡ ಕೂತಿದೆ. ಎರಡು ದಾರಿ ಕಾಣುತ್ತಿದೆ. ಒಂದು, ಹೋಸ್ ಬ್ರಾಕೆಟ್ ಕೆಳಗಿಂದ ಹೋಗಿ, ಬಂಗ್‌ಗಿಂತ ಸುಮಾರು 25 ಮಿ.ಮೀ. ಕೆಳಗಿಳಿದು ಮತ್ತೆ ಮೇಲೇರುವುದು. ಎರಡು, ಬ್ರಾಕೆಟ್ ಮೇಲಿಂದ ಹೋಗುವುದು. ಅಲ್ಲಿ 150 ಮಿ.ಮೀ. ಉದ್ದಕ್ಕೆ ಇಳಿಜಾರು 12° ಅಷ್ಟೇ ಸಿಗುತ್ತದೆ, ಜೊತೆಗೆ ಡೌನ್‌ಪೈಪ್ (ಟರ್ಬೊದಿಂದ ಹೊರಡುವ ಬಿಸಿ ಎಕ್ಸಾಸ್ಟ್ ಪೈಪ್) ಪಕ್ಕದಲ್ಲೇ ಹಾಯಬೇಕು. ಕೈಯಲ್ಲಿ ಎಎನ್ 8 ಮತ್ತು ಎಎನ್ 10 ಹೋಸ್ ಎರಡೂ ಇವೆ (ಎಎನ್ ಅಂದರೆ ಹೋಸ್ ಗಾತ್ರ, ಸಂಖ್ಯೆ ಹೆಚ್ಚಿದಷ್ಟೂ ದಪ್ಪ). ಎಎನ್ 8 ಆದರೆ ಎಲ್ಲಿ ಬೇಕಾದರೂ ನುಸುಳುತ್ತದೆ.

ಯಾವುದು ವಾಸಿ?

---

ಹಳೇಸ್ಪ್ಯಾನರ್:

ಎರಡೂ ಬೇಡ. ಮೊದಲನೆಯದಂತೂ ಬೇಡವೇ ಬೇಡ.

ಟರ್ಬೊ ಒಳಗೆ ಹೋಗುವಾಗ ಆಯಿಲ್ ಪಂಪಿನ ಒತ್ತಡದಲ್ಲಿ ಹೋಗುತ್ತದೆ. ಬೇರಿಂಗ್‌ನ ಸಂದಿಯಿಂದ ಹೊರಬಿದ್ದ ಮೇಲೆ ಒತ್ತಡ ಮುಗಿಯಿತು. ಅಲ್ಲಿಂದ ಪ್ಯಾನ್‌ವರೆಗೆ ಅದನ್ನು ಒಯ್ಯುವುದು ಬರೀ ಅದರ ತೂಕ. ಅದೂ ಬರುವುದು ಶುದ್ಧ ಆಯಿಲ್ ಆಗಿ ಅಲ್ಲ. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಶಾಫ್ಟ್ ಅದನ್ನು ಕಡೆದು ನೊರೆ ಮಾಡಿರುತ್ತದೆ. ಮಜ್ಜಿಗೆ ಕಡೆದಾಗ ಮೇಲೆ ಬರುವ ನೊರೆ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಹಾಗೇ. ಅದರ ಗಾತ್ರ ಹೆಚ್ಚು, ತೂಕ ಕಡಿಮೆ, ತಗ್ಗಿನಲ್ಲಿ ನಿಂತರೆ ಮುಂದೆ ಸರಿಯುವುದಿಲ್ಲ. 25 ಮಿ.ಮೀ. ತಗ್ಗು ಬಿಟ್ಟರೆ ಅಲ್ಲಿ ಸದಾ ಆಯಿಲ್ ತುಂಬಿಕೊಂಡಿರುತ್ತದೆ, ಹಿಂದಿನಿಂದ ಬರುವ ನೊರೆ ಅದನ್ನು ತಳ್ಳಿಕೊಂಡು ಹೋಗಬೇಕು. ಜೊತೆಗೆ, ಟರ್ಬೊ ಎರಡೂ ತುದಿಯ ಸೀಲ್ ದಾಟಿ ಒಳಬರುವ ಎಕ್ಸಾಸ್ಟ್ ಗ್ಯಾಸ್, ಬೂಸ್ಟ್ ಗಾಳಿ (ಟರ್ಬೊ ಒತ್ತಿ ಎಂಜಿನ್‌ಗೆ ಕಳಿಸುವ ಗಾಳಿ) ಎಲ್ಲವೂ ಇದೇ ಪೈಪಿನಿಂದ ಕೆಳಗೆ ಹೋಗಬೇಕು. ಪೈಪಿನ ಕೆಳ ಅರ್ಧದಲ್ಲಿ ಆಯಿಲ್ ಜಾರಬೇಕು, ಮೇಲರ್ಧ ಗಾಳಿಗೆ ಖಾಲಿ ಇರಬೇಕು. ತಗ್ಗಿನಲ್ಲಿ ಪೈಪ್ ತುಂಬಿತೆಂದರೆ ಆ ಗಾಳಿದಾರಿ ಮುಚ್ಚಿತು.

ದಾರಿ ಮುಚ್ಚಿದ ಮೇಲೆ ಆಯಿಲ್ ಸೆಂಟರ್ ಹೌಸಿಂಗ್‌ನಲ್ಲೇ (ಶಾಫ್ಟ್, ಬೇರಿಂಗ್ ಇರುವ ಟರ್ಬೊದ ನಡುಭಾಗ) ಮೇಲೇರಿ ಶಾಫ್ಟ್ ಮಟ್ಟಕ್ಕೆ ಬರುತ್ತದೆ. ಟರ್ಬೊ ಸೀಲ್ ಎಂದರೆ ಕ್ರ್ಯಾಂಕ್ ಸೀಲ್ ತರಹ ರಬ್ಬರ್ ತುಟಿ ಅಲ್ಲ. ಪಿಸ್ಟನ್ ರಿಂಗ್‌ನಂಥ ಸಣ್ಣ ಲೋಹದ ಉಂಗುರ ಅಷ್ಟೇ. ಅದರ ಕೆಲಸ ಮುಖ್ಯವಾಗಿ ಗ್ಯಾಸ್ ತಡೆಯುವುದು. ನಿಂತ ಆಯಿಲನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಆಮೇಲೆ ನೀಲಿ ಹೊಗೆ, ಇಂಟರ್‌ಕೂಲರ್‌ನಲ್ಲಿ ಆಯಿಲ್, "ಟರ್ಬೊ ಸೀಲ್ ಹೋಗಿದೆ" ಅಂತ ಹೊಸ ಟರ್ಬೊ. ಹೊಸದೂ ಹಾಗೇ ಹೊಗೆ ಬಿಡುತ್ತದೆ, ಯಾಕೆಂದರೆ ಸೀಲ್‌ಗೆ ಏನೂ ಆಗಿರಲಿಲ್ಲ.

ಎಎನ್ 8 ಮರೆತುಬಿಡಿ. ಅದರ ಒಳವ್ಯಾಸ ಸುಮಾರು 11 ಮಿ.ಮೀ., ಎಎನ್ 10ರದು ಸುಮಾರು 14, ಎಎನ್ 12ರದು 17ರ ಆಸುಪಾಸು. ನಿಮ್ಮ ಟರ್ಬೊ ರಂಧ್ರವೇ 16. ಡ್ರೈನ್ ದಾರಿಯಲ್ಲಿ ಎಲ್ಲೂ ಆ ರಂಧ್ರಕ್ಕಿಂತ ಕಿರಿದಾಗಬಾರದು. ಎಎನ್ 10 ಹಾಕಿ ಓಡುತ್ತಿರುವ ಎಂಜಿನ್‌ಗಳು ಬೇಕಾದಷ್ಟಿವೆ, ಹೆಚ್ಚುಕಮ್ಮಿ ನೆಟ್ಟಗೆ ಕೆಳಗಿಳಿಯುವುದಾದರೆ ಸಾಕಾಗುತ್ತದೆ. ನಿಮ್ಮದು ಓರೆ ದಾರಿ, ಹಾಗಾಗಿ ಮೇಲಿನ ಅಳತೆಗೇ ಹೋಗಿ.

ಫ್ಲ್ಯಾಂಜ್‌ಗೆ ಹಚ್ಚಿದ ಕೂಡಲೇ 90° ಎಲ್ಬೋ ಬೇಡ. ಅಚ್ಚಿನಲ್ಲಿ ಮಾಡಿದ ಗಿಡ್ಡ ಎಲ್ಬೋಗಳ ಒಳಗೆ ಎರಡು ತೂತು ಕೊರೆದು ಸೇರಿಸಿದ ಚೂಪು ಮೂಲೆ ಇರುತ್ತದೆ, ನೊರೆ ಅಲ್ಲೇ ತಡೆಯುತ್ತದೆ. ಮೊದಲ 40-50 ಮಿ.ಮೀ. ನೇರ ಕೆಳಕ್ಕೆ, ಆಮೇಲೆ ಬಗ್ಗಿಸಿದ ಪೈಪ್.

---

ಲೆಕ್ಕದಮೇಷ್ಟ್ರು:

12° ಯಾಕೆ ಸಾಲದು ಅನ್ನುವುದನ್ನು ಲೆಕ್ಕದಲ್ಲಿ ಹೇಳುತ್ತೇನೆ, ಯಾಕೆಂದರೆ ಗಾಡಿ ನಿಂತಾಗ ನೋಡಿದರೆ 12° ಚೆನ್ನಾಗೇ ಹರಿಯುತ್ತದೆ.

ಗಾಡಿ 0.3 ಜಿ ವೇಗೋತ್ಕರ್ಷದಲ್ಲಿ ಮುಂದೆ ನುಗ್ಗಿದರೆ ಆಯಿಲ್‌ನ ಪಾಲಿಗೆ "ಕೆಳಗೆ" ಅನ್ನುವ ದಿಕ್ಕು ಹಿಂದಕ್ಕೆ 16.7° ವಾಲುತ್ತದೆ. ನಿಮ್ಮ ಪೈಪ್ 12° ಇಳಿಯುತ್ತಿರುವುದು ಮುಂದಕ್ಕೆ. ಅಂದರೆ ಆಕ್ಸಿಲರೇಟರ್ ತುಳಿದ ಹೊತ್ತಿಗೆ ಆ 150 ಮಿ.ಮೀ. ತುಂಡು ಇಳಿಜಾರಾಗಿ ಉಳಿಯುವುದಿಲ್ಲ, ಸುಮಾರು 5° ಏರು ಆಗುತ್ತದೆ. ಬೂಸ್ಟ್ ಇರುವುದೂ, ಆಯಿಲ್ ಒತ್ತಡ ಹೆಚ್ಚಿರುವುದೂ ಸರಿಯಾಗಿ ಅದೇ ಹೊತ್ತಿನಲ್ಲಿ. ಚಡಾವು ಹತ್ತುತ್ತಿದ್ದರೆ ರಸ್ತೆಯ ಕೋನವೂ ಸೇರಿಕೊಳ್ಳುತ್ತದೆ. ಅದೇ ಪೈಪ್ ಹಿಂದಕ್ಕೆ ಇಳಿಯುತ್ತಿದ್ದರೆ ವೇಗೋತ್ಕರ್ಷ ಸಹಾಯವೇ ಮಾಡುತ್ತಿತ್ತು, ಬ್ರೇಕ್ ಒತ್ತಿದಾಗ ಮಾತ್ರ ತೊಂದರೆ. ಬ್ರೇಕ್ ಒತ್ತುವಾಗ ಬೂಸ್ಟ್ ಇರುವುದಿಲ್ಲ, ಅವಧಿಯೂ ಚಿಕ್ಕದು, ಆದ್ದರಿಂದ ಅದನ್ನು ಸಹಿಸಬಹುದು.

ಈಗ ಬಂಗ್ ಹಿಂದಕ್ಕೆ ಸರಿಸಿ ನೋಡಿ. ಮುಂದಕ್ಕೆ 200ರ ಬದಲು ಬ್ರಾಕೆಟ್‌ಗೆ ಮೊದಲೇ, 60 ಮಿ.ಮೀ.ನಲ್ಲಿ ಹಾಕಿದರೆ ಅಡ್ಡ 120, ಮುಂದೆ 60, ಒಟ್ಟು ಓರೆ ದೂರ 134. ಇಳಿವು 180. ಸರಾಸರಿ ಕೋನ 53°. ಬ್ರಾಕೆಟ್ ದಾಟುವ ಪ್ರಶ್ನೆಯೇ ಬರುವುದಿಲ್ಲ. 0.3 ಜಿ ವೇಗೋತ್ಕರ್ಷ, ಜೊತೆಗೆ 0.8 ಜಿ ತಿರುವು ಎರಡೂ ಪ್ರತಿಕೂಲವಾಗಿ ಒಟ್ಟಿಗೆ ಬಂದರೂ 180ರಲ್ಲಿ 18 ಮತ್ತು 96 ಕಳೆದು 66 ಮಿ.ಮೀ.ನಷ್ಟು ಇಳಿವು ಉಳಿಯುತ್ತದೆ. ಈ ಕಳೆಯುವ ಲೆಕ್ಕವನ್ನು ಇಡೀ ಪೈಪಿಗೆ ಒಮ್ಮೆ ಮಾಡಿ ಸುಮ್ಮನಾಗಬೇಡಿ, ಬಾಗು ಇರುವ ಪ್ರತಿ ತುಂಡಿಗೂ ಮಾಡಿ. ಒಟ್ಟು ಇಳಿವು ಬೇಕಾದಷ್ಟಿದ್ದು ನಡುವೆ ಒಂದು ತುಂಡು ಮಲಗಿದ್ದರೂ ಆಯಿಲ್ ಅಲ್ಲಿ ನಿಲ್ಲುತ್ತದೆ.

ಪ್ಯಾನ್ ಉದ್ದದ ನಡುಭಾಗಕ್ಕೆ ಬಂಗ್ ಬಂದಷ್ಟೂ ಇನ್ನೊಂದು ಲಾಭ. ವೇಗೋತ್ಕರ್ಷ, ಬ್ರೇಕ್‌ಗೆ ಆಯಿಲ್ ಹಿಂದೆ ಮುಂದೆ ಓಡಾಡುವಾಗ ಮಟ್ಟ ಹೆಚ್ಚು ಬದಲಾಗುವುದು ಎರಡು ತುದಿಗಳಲ್ಲಿ, ನಡುವೆ ಕಡಿಮೆ.

ಸೆಂಟರ್ ಹೌಸಿಂಗ್ ತಿರುಗಿಸಿ ಡ್ರೈನ್ ಮುಖವನ್ನು ಎಂಜಿನ್ ಕಡೆಗೆ ಸ್ವಲ್ಪ ವಾಲಿಸಿದರೂ ಜಾಗ ಸಿಗುತ್ತದೆ. ತಯಾರಕರು ಸಾಮಾನ್ಯವಾಗಿ ಲಂಬದಿಂದ 30-35° ಒಳಗೆ ಅನ್ನುತ್ತಾರೆ. ನನ್ನ ಮಾತು ಕೇಳಿದರೆ 15-20° ಒಳಗೇ ಇರಲಿ, ಉಳಿದದ್ದನ್ನು ರಸ್ತೆ ಮತ್ತು ತಿರುವುಗಳಿಗೆ ಬಿಡಿ. ಶಾಫ್ಟ್ ಮಾತ್ರ ಮಟ್ಟವಾಗಿರಬೇಕು.

---

ನಾಲ್ಕುಸಿಲಿಂಡರ್:

ಬ್ರಾಕೆಟ್‌ಗೆ ಮೊದಲು ಹಾಕುವುದನ್ನು ನಾನೂ ಯೋಚಿಸಿದ್ದೆ. ಆದರೆ ಅಲ್ಲಿ ಮೂರನೇ ಸಿಲಿಂಡರಿನ ಕೌಂಟರ್‌ವೇಟ್ ಸರಿಯಾಗಿ ಎದುರಿಗೆ ಬರುತ್ತದೆ. ಕ್ರ್ಯಾಂಕ್ ಎರಚುವ ಆಯಿಲ್ ನೇರ ತೂತಿಗೇ ಹೊಡೆಯುವುದಿಲ್ಲವೇ? ಆ ಎರಚಲು ತಡೆಯುವ ತಗಡು, ವಿಂಡೇಜ್ ಟ್ರೇ, ಇದೆ, ಆದರೆ ಅದು ಗೋಡೆಯವರೆಗೆ ಬರುವುದಿಲ್ಲ. ಇನ್ನೊಂದು, ರೈಲ್‌ಗೂ ಫುಲ್ ಮಾರ್ಕ್‌ಗೂ ನಡುವೆ 55 ಮಿ.ಮೀ. ಮಾತ್ರ. ಎಎನ್ 12 ಬಂಗ್ ದಪ್ಪ, ರೈಲ್ ಬೋಲ್ಟ್‌ಗೆ ಸಾಕೆಟ್ ಹೋಗುವುದಿಲ್ಲ ಅನ್ನಿಸುತ್ತದೆ.

---

ವೆಲ್ಡ್‌ಮಣಿ:

ಎರಚಲಿನ ಭಯ ಸರಿಯಾದದ್ದೇ. ಗಡಿಯಾರದ ದಿಕ್ಕಿಗೆ ತಿರುಗುವ ಕ್ರ್ಯಾಂಕ್ ಪುಲ್ಲಿ ಕಡೆಯಿಂದ ನೋಡಿದರೆ ಬಲಗೋಡೆಯ ಪಕ್ಕ ಕೆಳಗಿಳಿದು, ತಳದಲ್ಲಿ ಬಲದಿಂದ ಎಡಕ್ಕೆ ಗುಡಿಸಿಕೊಂಡು ಹೋಗಿ, ಎಡಗೋಡೆಯ ಪಕ್ಕ ಮೇಲೇರುತ್ತದೆ. ಕೌಂಟರ್‌ವೇಟ್ ತಳ ದಾಟುವಾಗ ಸಿಡಿಯುವ ಆಯಿಲ್ ಅಡ್ಡಡ್ಡ ಹಾರಿ ಎಡಗೋಡೆಗೆ ಬಡಿಯುತ್ತದೆ. ನಿಮ್ಮ ಟರ್ಬೊ ಇರುವುದೂ ಅದೇ ಕಡೆ. ಬಲಗಡೆ ಇದ್ದಿದ್ದರೆ ಇಷ್ಟು ತಲೆಕೆಡಿಸಿಕೊಳ್ಳಬೇಕಿರಲಿಲ್ಲ.

ಪರಿಹಾರ ಸುಲಭ, ತೂತಿನ ಮುಂದೆ ಒಳಗಡೆ ಒಂದು ಮರೆ. 1.5 ಮಿ.ಮೀ. ತಗಡಿನ ತುಂಡು ಸುಮಾರು 50 ಅಗಲ, 45 ಎತ್ತರ. ಮೇಲಿನ ಅಂಚು ಮತ್ತು ಎರಡು ಪಕ್ಕಗಳನ್ನು ಮಡಚಿ ಗೋಡೆಗೆ ವೆಲ್ಡ್ ಮಾಡಿ, ಕೆಳಗಡೆ ಪೂರ್ತಿ ತೆರೆದಿರಲಿ. ಗೋಡೆಗೂ ಮರೆಗೂ 12 ಮಿ.ಮೀ. ಸಂದಿ ಬಿಟ್ಟರೆ ತೆರೆದ ಜಾಗ 600 ಚದರ ಮಿ.ಮೀ. ಹತ್ತಿರ, 16 ಮಿ.ಮೀ. ರಂಧ್ರದ್ದು 200 ಚಿಲ್ಲರೆ. ಎರಡರಷ್ಟಾದರೂ ಇರಬೇಕು, ನಿಮಗೆ ಮೂರರಷ್ಟು ಸಿಕ್ಕಿತು. ಮರೆಯ ಕೆಳ ಅಂಚು ಫುಲ್ ಮಾರ್ಕ್‌ಗಿಂತ ಮೇಲೆಯೇ ನಿಲ್ಲಬೇಕು, ಆಯಿಲ್‌ನಲ್ಲಿ ಮುಳುಗಿದರೆ ಗಾಳಿದಾರಿ ಮತ್ತೆ ಬಂದ್. ಹಾಕುವ ಮೊದಲು ಪ್ಯಾನನ್ನು ಬ್ಲಾಕಿಗೆ ಕೂರಿಸಿ, ಮರೆಗೆ ಜೇಡಿಮಣ್ಣಿನ ಉಂಡೆ ಅಂಟಿಸಿ ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡಿ. ಕೌಂಟರ್‌ವೇಟ್ ಮಾತ್ರ ನೋಡಿ ಬಿಡಬೇಡಿ, ಕನೆಕ್ಟಿಂಗ್ ರಾಡ್‌ನ ಬೋಲ್ಟ್ ತಲೆಗಳಿಗೂ ಕನಿಷ್ಠ 5 ಮಿ.ಮೀ. ಅಂತರ ಬೇಕು.

ಬಂಗ್ ವಿಷಯ. ಎಎನ್ ಬಂಗೇ ಬೇಡ. 19 ಮಿ.ಮೀ. ಹೊರವ್ಯಾಸ, 1.2 ಮಿ.ಮೀ. ದಪ್ಪದ ಸ್ಟೀಲ್ ಪೈಪ್ ತಗೊಳ್ಳಿ, ಒಳಗೆ 16.6 ಸಿಗುತ್ತದೆ. ಅದರ ಗಿಡ್ಡ ತುಂಡನ್ನು ಗೋಡೆಗೆ ಹೊರಮುಖವಾಗಿ 40° ಮೇಲಕ್ಕೆ ಓರೆಯಾಗಿ ವೆಲ್ಡ್ ಮಾಡಿ. ಓರೆಯಾದ್ದರಿಂದ ಗೋಡೆಯಲ್ಲಿ ತೂತು ಮೊಟ್ಟೆಯಾಕಾರ ಬರುತ್ತದೆ, ಎತ್ತರ ಸುಮಾರು 25 ಮಿ.ಮೀ. ಕೇಂದ್ರವನ್ನು ರೈಲ್‌ನಿಂದ 30 ಕೆಳಗೆ ಇಟ್ಟರೆ ಮೇಲಂಚು 17.5ರಲ್ಲಿ, ಕೆಳಂಚು 42.5ರಲ್ಲಿ. ಫುಲ್ ಮಾರ್ಕ್‌ಗೆ ಇನ್ನೂ 12.5 ಮಿ.ಮೀ. ಉಳಿಯಿತು. ಮರೆಯ ಕೆಳ ಅಂಚು ಬರಬೇಕಾದ್ದು ಈ 12.5ರ ಒಳಗೆ, ಹಾಗಾಗಿ ಗುರುತು ಹಾಕುವಾಗ ಅಂದಾಜು ಬೇಡ, ಸ್ಕೇಲ್ ಹಿಡಿಯಿರಿ. ಪೈಪ್ ಎರಡು ರೈಲ್ ಬೋಲ್ಟ್‌ಗಳ ನಟ್ಟನಡುವೆ ಬರಲಿ. ಬೋಲ್ಟ್‌ನ ನೇರಕ್ಕೆ ಬಂದರೆ ತಲೆಗೂ ಪೈಪಿಗೂ ತಾಗದಿದ್ದರೂ ಸಾಕೆಟ್ ನುಗ್ಗುವುದಿಲ್ಲ.

ಪೈಪಿನ ತುದಿ ಗೋಡೆಯ ಒಳಮೈಗೆ ಸಮವಾಗಿರಲಿ, ಒಳಗೆ ಚಾಚಿಕೊಂಡಿರಬಾರದು. ಪ್ಯಾನ್ ರೈಲ್ ವೆಲ್ಡ್ ಕಾವಿಗೆ ಸೊಟ್ಟಗಾಗುತ್ತದೆ, ಹಳೆಯ ಬ್ಲಾಕಿಗೋ ದಪ್ಪ ಪ್ಲೇಟಿಗೋ ಎಲ್ಲ ಬೋಲ್ಟ್ ಬಿಗಿದು ಟಿಗ್‌ನಲ್ಲಿ ಸ್ವಲ್ಪ ಸ್ವಲ್ಪವೇ ಹೊಲಿಯಿರಿ. ಒಳಗೆ ಹಳೆ ಆಯಿಲ್ ಇದ್ದರೆ ವೆಲ್ಡ್‌ನಲ್ಲಿ ಗುಳ್ಳೆ ಬೀಳುತ್ತದೆ, ಮೊದಲೇ ತೊಳೆದು ಒಣಗಿಸಿ. ಆದಮೇಲೆ ಹೊರಗಡೆ ವೆಲ್ಡ್ ಗೆರೆಗೆ ಸೀಮೆಸುಣ್ಣ ಬಳಿದು ಒಳಗಿನಿಂದ ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಡಿ. ಸೂಜಿಮೊನೆಯಷ್ಟು ತೂತಿದ್ದರೂ ಸುಣ್ಣದ ಮೇಲೆ ಕಲೆ ಮೂಡುತ್ತದೆ.

ಹೋಸ್ ಬಗ್ಗೆ ಒಂದು ಮಾತು. ಟೆಫ್ಲಾನ್ ಒಳಪದರದ ಹೋಸ್ ಶಾಖಕ್ಕೆ ಒಳ್ಳೆಯದು, ಆದರೆ ಈ ದಪ್ಪದಲ್ಲಿ ಅದು 150 ಮಿ.ಮೀ.ಗಿಂತ ಕಡಿಮೆ ತ್ರಿಜ್ಯಕ್ಕೆ ಬಗ್ಗುವುದಿಲ್ಲ, ಒತ್ತಿ ಬಗ್ಗಿಸಿದರೆ ಒಳಗೆ ಮಡಚಿಕೊಳ್ಳುತ್ತದೆ. ಹೊರಗಿನ ಸ್ಟೀಲ್ ಜಾಲರಿ ದುಂಡಗೇ ಕಾಣುವುದರಿಂದ ಗೊತ್ತೂ ಆಗುವುದಿಲ್ಲ. 200 ಮಿ.ಮೀ. ದೂರಕ್ಕೆ ಅದು ಸಲ್ಲ. ಬಾಗುಗಳನ್ನೆಲ್ಲ ಸ್ಟೀಲ್ ಪೈಪಿನಲ್ಲೇ ಮಾಡಿ, ತ್ರಿಜ್ಯ 38 ಮಿ.ಮೀ. ಅಥವಾ ಹೆಚ್ಚು. ನಡುವೆ ನೇರವಾದ ಕಡೆ 50-60 ಮಿ.ಮೀ. ಉದ್ದದ ಮೆದು ಹೋಸ್ ಜೋಡಣೆ ಇಡಿ. ಮ್ಯಾನಿಫೋಲ್ಡ್ ಕಾದಾಗ ಟರ್ಬೊ ಒಂದೆರಡು ಮಿ.ಮೀ. ಸರಿಯುತ್ತದೆ, ಎರಡೂ ತುದಿ ಗಟ್ಟಿಯಾಗಿ ಹಿಡಿದರೆ ಪ್ಯಾನ್ ವೆಲ್ಡ್ ಬಿರುಕು ಬಿಡುತ್ತದೆ. ಆ ಮೆದು ತುಂಡು ಫ್ಲೋರೋ ರಬ್ಬರ್ ಒಳಪದರದ್ದೇ ಆಗಬೇಕು. ಬಣ್ಣಬಣ್ಣದ ಸಾದಾ ಸಿಲಿಕೋನ್ ಹೋಸ್ ನೀರಿಗೆ, ಗಾಳಿಗೆ. ಬಿಸಿ ಆಯಿಲ್‌ಗೆ ಅದು ಉಬ್ಬಿ ಬೆವರುತ್ತದೆ, ಒಂದು ದಿನ ಕ್ಲ್ಯಾಂಪ್‌ನಿಂದ ಜಾರುತ್ತದೆ. ಪೈಪ್ ತುದಿಗಳಿಗೆ ಉಬ್ಬು ಏಣು ಹೊಡೆಸಿ, ಕ್ಲ್ಯಾಂಪ್ ಅದರ ಹಿಂದೆ ಕೂರಲಿ.

ಡೌನ್‌ಪೈಪ್‌ನಿಂದ ಕನಿಷ್ಠ 25 ಮಿ.ಮೀ. ದೂರ, ನಡುವೆ ಗಾಳಿ ಆಡುವ ಹಾಗೆ ತಗಡಿನ ಮರೆ. ಮೆದು ಜೋಡಣೆಯನ್ನು ಆದಷ್ಟು ಪ್ಯಾನ್ ಕಡೆಗೇ ತನ್ನಿ.

ಫ್ಲ್ಯಾಂಜ್ ಗ್ಯಾಸ್ಕೆಟ್ ಅನ್ನು ಟರ್ಬೊ ಮೇಲಿಟ್ಟು ನೋಡಿ. ಎಷ್ಟೋ ಕಿಟ್‌ಗಳಲ್ಲಿ ಬರುವ ಗ್ಯಾಸ್ಕೆಟ್‌ನ ತೂತು ಟರ್ಬೊ ರಂಧ್ರಕ್ಕಿಂತ ಚಿಕ್ಕದು ಇಲ್ಲವೇ ಪಕ್ಕಕ್ಕೆ ಸರಿದಿರುತ್ತದೆ. 16ರ ದಾರಿ ಮಾಡಿ ಬಾಯಲ್ಲೇ 12ರ ಗ್ಯಾಸ್ಕೆಟ್ ಇಟ್ಟರೆ ಏನು ಬಂತು. ಕತ್ತರಿಸಿ ಸರಿಮಾಡಿ. ಆರ್‌ಟಿವಿ ಸಿಲಿಕೋನ್ (ಟ್ಯೂಬಿನಲ್ಲಿ ಬರುವ ಗ್ಯಾಸ್ಕೆಟ್ ಅಂಟು) ಬಳಿಯಬೇಡಿ. ಹಿಂಡಿ ಒಳಬಂದ ಪದರ ದಾರಿ ಕಟ್ಟುತ್ತದೆ, ಕಿತ್ತು ಬಂದರೆ ಪಂಪಿನ ಜಾಲರಿಗೆ ಹೋಗುತ್ತದೆ.

---

ಲೆಕ್ಕದಮೇಷ್ಟ್ರು:

ಪೈಪ್ ಎಷ್ಟೇ ಚೆನ್ನಾಗಿ ಮಾಡಿದರೂ ಕ್ರ್ಯಾಂಕ್‌ಕೇಸ್ ಒಳಗಿನ ಒತ್ತಡ ನೋಡದಿದ್ದರೆ ಪ್ರಯೋಜನವಿಲ್ಲ. ಇಳಿವು 180 ಮಿ.ಮೀ., ಆಯಿಲ್ ಸಾಂದ್ರತೆ 0.85 ಅಂದುಕೊಂಡರೆ ಪೈಪಿನಲ್ಲಿ ತುಂಬಿ ನಿಂತ ಆಯಿಲ್ ಕೊಡುವ ಒತ್ತಡ 153 ಮಿ.ಮೀ. ನೀರಿನಷ್ಟು, ಅಂದರೆ 1.5 ಕಿಲೋಪಾಸ್ಕಲ್. ಅರ್ಧ ನೊರೆಯಾದರೆ 0.75. ಬ್ಲೋ-ಬೈಯಿಂದ (ಪಿಸ್ಟನ್ ರಿಂಗ್ ದಾಟಿ ಸೋರುವ ಗ್ಯಾಸ್) ಕ್ರ್ಯಾಂಕ್‌ಕೇಸ್‌ನಲ್ಲಿ ಅಷ್ಟು ಒತ್ತಡ ಎದ್ದರೆ ಆಯಿಲ್ ಇಳಿಯುವುದೇ ಇಲ್ಲ. ಬೂಸ್ಟ್ ಅಳೆಯುವ ಗೇಜ್‌ನಲ್ಲಿ ಇಷ್ಟು ಚಿಕ್ಕ ಒತ್ತಡ ಮುಳ್ಳು ಅಲುಗುವಷ್ಟೂ ಕಾಣುವುದಿಲ್ಲ.

---

ಹಳೇಸ್ಪ್ಯಾನರ್:

ಮೇಷ್ಟ್ರೇ, ಲೆಕ್ಕ ಸರಿ, ಆದರೆ ಅದು ತುಂಬಿದ ಪೈಪಿಗೆ ಮಾತ್ರ. ಪೈಪ್ ಅರ್ಧ ಖಾಲಿ ಇದ್ದರೆ ಕ್ರ್ಯಾಂಕ್‌ಕೇಸ್ ಒತ್ತಡ ಮೇಲೂ ಕೆಳಗೂ ಒಂದೇ ಆಗಿರುತ್ತದೆ, ಆಯಿಲ್ ತನ್ನ ಪಾಡಿಗೆ ಜಾರುತ್ತದೆ. ಆಗ ತೊಂದರೆ ಬರುವುದು ಬೇರೆ ಕಡೆಯಿಂದ. ಅದೇ ಒತ್ತಡ ಸೆಂಟರ್ ಹೌಸಿಂಗ್‌ನಲ್ಲೂ ಇರುತ್ತದೆ. ಐಡಲ್‌ನಲ್ಲಿ ಕಂಪ್ರೆಸರ್ ಚಕ್ರದ ಹಿಂದೆ ಒತ್ತಡ ಸೊನ್ನೆ ಅಥವಾ ಅದಕ್ಕೂ ಸ್ವಲ್ಪ ಕಡಿಮೆ. ಒಳಗೆ ಹೆಚ್ಚು, ಹೊರಗೆ ಕಡಿಮೆ ಆದರೆ ಆಯಿಲ್ ಮಂಜು ಸೀಲ್ ದಾಟಿ ಹೊರಗೆ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಕಂಪ್ರೆಸರ್ ಬಾಯಲ್ಲಿ ಸೆಳೆತ ಹೆಚ್ಚಿ ಇನ್ನೂ ಜಾಸ್ತಿ. ಡ್ರೈನ್ ಸರಿಯಿದ್ದೂ ಇಂಟರ್‌ಕೂಲರ್ ಪೈಪ್ ಒದ್ದೆಯಾಗುವ ಕೇಸುಗಳಲ್ಲಿ ಫಿಲ್ಟರ್, ಬ್ರೀದರ್ (ಕ್ರ್ಯಾಂಕ್‌ಕೇಸ್‌ನ ಗ್ಯಾಸ್ ಹೊರಬಿಡುವ ದಾರಿ) ಎರಡನ್ನೂ ಮೊದಲು ನೋಡಬೇಕು.

ಟರ್ಬೊ ಇಲ್ಲದ ಎಂಜಿನ್‌ಗೆ ಟರ್ಬೊ ಕೂರಿಸಿದವರು ತಪ್ಪದೆ ನೋಡಬೇಕಾದ್ದು ಪಿಸಿವಿ ವಾಲ್ವ್, ಅಂದರೆ ಕ್ರ್ಯಾಂಕ್‌ಕೇಸ್‌ನ ಗ್ಯಾಸನ್ನು ಇನ್‌ಟೇಕ್‌ಗೆ ಬಿಡುವ ವಾಲ್ವ್. ಅದು ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಜೋಡಿಸಿರುತ್ತದೆ. ಮೂಲ ಎಂಜಿನ್‌ನಲ್ಲಿ ಅಲ್ಲಿ ಯಾವಾಗಲೂ ಸೆಳೆತವೇ, ಬ್ಯಾಕ್‌ಫೈರ್ ಹೊರತು ಹಿಮ್ಮುಖ ಒತ್ತಡ ಅದು ಕಂಡಿರುವುದಿಲ್ಲ. ಈಗ ಬೂಸ್ಟ್ ಬಂದರೆ ವಾಲ್ವ್ ಸೋರಿ ಮ್ಯಾನಿಫೋಲ್ಡ್ ಒತ್ತಡ ನೇರ ಕ್ರ್ಯಾಂಕ್‌ಕೇಸ್‌ಗೆ ನುಗ್ಗುತ್ತದೆ. ಬಾಯಲ್ಲಿ ಊದಿ ನೋಡಿ, ಹಿಮ್ಮುಖವಾಗಿ ಸ್ವಲ್ಪವೂ ಗಾಳಿ ಹೋಗಬಾರದು. ಹೋದರೆ ಬೂಸ್ಟ್ ತಾಳುವ ಒನ್-ವೇ ವಾಲ್ವ್ ಹಾಕಿ, ಇಲ್ಲವೇ ಆ ದಾರಿ ಮುಚ್ಚಿ ವಾಲ್ವ್ ಕವರ್‌ನಿಂದ 19 ಮಿ.ಮೀ. ಹೋಸ್ ಎರಡು ತಂದು ಕ್ಯಾಚ್ ಕ್ಯಾನ್‌ಗೆ (ಆಯಿಲ್ ಮಂಜು ಹಿಡಿಯುವ ಡಬ್ಬಿ) ಬಿಡಿ.

ಅಳೆಯುವುದು ಕಷ್ಟವಿಲ್ಲ. ಪಾರದರ್ಶಕ ಹೋಸನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಒಂದೊಂದು ಕಾಲು 600 ಮಿ.ಮೀ., ಅರ್ಧ ನೀರು. ಒಂದು ತುದಿಯನ್ನು ಡಿಪ್‌ಸ್ಟಿಕ್ ಕೊಳವೆಗೆ ಗಾಳಿ ಸೋರದ ಹಾಗೆ ಜೋಡಿಸಿ. ನಡುವೆ ಒಂದು ಖಾಲಿ ಬಾಟಲಿ ಇರಲಿ, ಸೆಳೆತ ಬಂದರೆ ನೀರು ಎಂಜಿನ್‌ಗೆ ಹೋಗಬಾರದು. 102 ಮಿ.ಮೀ. ಎತ್ತರ ವ್ಯತ್ಯಾಸ ಅಂದರೆ 1 ಕಿಲೋಪಾಸ್ಕಲ್. ಪೂರ್ತಿ ಬೂಸ್ಟ್‌ನಲ್ಲಿ 100 ದಾಟಿದರೆ ನಾನಾದರೆ ಬ್ರೀದರ್ ದೊಡ್ಡದು ಮಾಡುತ್ತೇನೆ. ದೊಡ್ಡದು ಮಾಡಿದರೂ ಇಳಿಯದಿದ್ದರೆ ಪಿಸ್ಟನ್ ರಿಂಗ್ ಕಡೆ ನೋಡಬೇಕು, ಡ್ರೈನ್ ಪೈಪ್ ಬದಲಿಸಿ ಉಪಯೋಗವಿಲ್ಲ.

---

ನಾಲ್ಕುಸಿಲಿಂಡರ್:

ಬಹಳ ಉಪಕಾರ. ಬಂಗ್ ಹಿಂದಕ್ಕೆ, 19 ಮಿ.ಮೀ. ಪೈಪ್, ಒಳಗೆ ಮರೆ, ಇಷ್ಟು ಖಚಿತ. ಫೀಡ್ ಕಡೆ, ಅಂದರೆ ಟರ್ಬೊಗೆ ಆಯಿಲ್ ಬರುವ ಕಡೆ, ರೆಸ್ಟ್ರಿಕ್ಟರ್ (ಹರಿವು ತಗ್ಗಿಸುವ ಕಿರಿದಾದ ರಂಧ್ರ) ಹಾಕಿದರೆ ಡ್ರೈನ್‌ಗೆ ಹೊರೆ ಕಡಿಮೆ ಆಗುತ್ತದಲ್ಲ, ಅದನ್ನೂ ಹಾಕಿಬಿಡಲೇ? ಬಿಸಿ ಆಯಿಲ್‌ನಲ್ಲಿ 6000 ಆರ್‌ಪಿಎಂಗೆ ಒತ್ತಡ 4 ಬಾರ್.

---

ಹಳೇಸ್ಪ್ಯಾನರ್:

ಬೇಡ. ಬಾಲ್ ಬೇರಿಂಗ್ ಟರ್ಬೊಗೆ ಅದು ಬೇಕೇ ಬೇಕು, 1 ಮಿ.ಮೀ. ಆಸುಪಾಸಿನ ರಂಧ್ರ. ಜರ್ನಲ್ ಬೇರಿಂಗ್‌ನ ಶಾಫ್ಟ್ ತೇಲುವುದೇ ಆಯಿಲ್ ಪದರದ ಮೇಲೆ, ಶಾಖ ಹೊತ್ತೊಯ್ಯುವುದೂ ಅದೇ ಆಯಿಲ್. ನಿಮ್ಮ 4 ಬಾರ್‌ಗೆ ಎಎನ್ 4 ಫೀಡ್ ತೆರೆದೇ ಇರಲಿ. ಒತ್ತಡ 5 ದಾಟುವ ಎಂಜಿನ್ ಆಗಿದ್ದರೆ ಯೋಚಿಸಬಹುದಿತ್ತು. ಡ್ರೈನ್ ಕೆಟ್ಟಿರುವಾಗ ಫೀಡ್ ಹಿಂಡಿ ಹೊಗೆ ನಿಲ್ಲಿಸುವವರಿದ್ದಾರೆ. ಹೊಗೆ ನಿಲ್ಲುತ್ತದೆ, ಥ್ರಸ್ಟ್ ಬೇರಿಂಗ್ ಸವೆಯಲು ಶುರುವಾಗುತ್ತದೆ.

---

ಬಂಪರ್‌ಕೆಳಗೆ:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಟರ್ಬೊ ಪ್ಯಾನ್‌ನ ಆಯಿಲ್ ಮಟ್ಟಕ್ಕಿಂತ ಕೆಳಗೇ ಕೂರುತ್ತದೆ. ಇಳಿಜಾರಿನ ಮಾತೇ ಇಲ್ಲ. ಪಂಪ್ ಹಾಕುವುದೊಂದೇ ದಾರಿಯೇ?

---

ವೆಲ್ಡ್‌ಮಣಿ:

ಹೌದು, ಸ್ಕ್ಯಾವೆಂಜ್ ಪಂಪ್ (ಆಯಿಲನ್ನು ಎಳೆದು ಪ್ಯಾನ್‌ಗೆ ವಾಪಸ್ ಕಳಿಸುವ ಪಂಪ್). ಟರ್ಬೊ ಡ್ರೈನ್‌ಗೆ ಪಂಪನ್ನು ನೇರ ಕಚ್ಚಿಸಬೇಡಿ. ಕೆಳಗೆ 250-300 ಮಿ.ಲೀ. ಹಿಡಿಯುವ ಪುಟ್ಟ ಡಬ್ಬಿ, ಅದರ ಮೇಲ್ಭಾಗದಿಂದ ವಾಲ್ವ್ ಕವರ್‌ಗೆ ಗಾಳಿ ಕೊಳವೆ, ತಳದಿಂದ ಜಾಲರಿ ದಾಟಿ ಪಂಪ್, ಪಂಪ್‌ನಿಂದ ಪ್ಯಾನ್‌ನ ಮೇಲ್ಭಾಗಕ್ಕೆ. ಪಂಪ್ ಗೇರ್ ಮಾದರಿಯದಿರಲಿ, ಬಿಸಿ ಆಯಿಲ್‌ಗೆ ಅಂತಲೇ ಮಾಡಿದ್ದು. ಪೆಟ್ರೋಲ್ ಪಂಪ್ ಇದಕ್ಕೆ ಬರುವುದಿಲ್ಲ. ರಿಲೇ ಮೂಲಕ ಇಗ್ನಿಷನ್‌ಗೆ ಕೊಟ್ಟು, ಎಂಜಿನ್ ಆಫ್ ಆದಮೇಲೆ 20-30 ಸೆಕೆಂಡ್ ಓಡುವ ಟೈಮರ್ ಇಡಿ. ಡಬ್ಬಿಯಲ್ಲಿ ಮಟ್ಟ ಏರಿದರೆ ಹೊತ್ತುವ ದೀಪ ಡ್ಯಾಶ್‌ನಲ್ಲಿ ಇರಲೇಬೇಕು, ಪಂಪ್ ನಿಂತದ್ದು ಬೇರೆ ಯಾವ ರೀತಿಯಲ್ಲೂ ಹೊಗೆ ಬರುವ ತನಕ ಗೊತ್ತಾಗುವುದಿಲ್ಲ. ಫೀಡ್ ಲೈನ್‌ನಲ್ಲಿ ಕಡಿಮೆ ಒತ್ತಡಕ್ಕೆ ತೆರೆಯುವ ಚೆಕ್ ವಾಲ್ವ್ ಹಾಕಿ, ಇಲ್ಲದಿದ್ದರೆ ರಾತ್ರಿಯಿಡೀ ಗ್ಯಾಲರಿಯ (ಬ್ಲಾಕಿನ ಒಳಗಿನ ಆಯಿಲ್ ದಾರಿ) ಆಯಿಲ್ ಟರ್ಬೊಗೆ ಇಳಿದು ಬೆಳಿಗ್ಗೆ ಎಕ್ಸಾಸ್ಟ್ ತುಂಬಿರುತ್ತದೆ.

ಟರ್ಬೊ 100-150 ಮಿ.ಮೀ. ಮೇಲೆತ್ತಲು ಸಾಧ್ಯವಿದ್ದರೆ ಮ್ಯಾನಿಫೋಲ್ಡ್ ಮತ್ತೆ ಕಟ್ಟುವುದೇ ವಾಸಿ. ಹೊಸ ಪ್ರಶ್ನೆಯಾಗಿ ಅಳತೆ ಸಮೇತ ಹಾಕಿ, ಅಲ್ಲಿ ನೋಡೋಣ.

ನಾಲ್ಕುಸಿಲಿಂಡರ್ ಅವರೇ, ಫಿಟ್ ಮಾಡಿದಮೇಲೆ ಸ್ಟಾರ್ಟ್ ಮಾಡುವ ಮುಂಚೆ ಒಂದು ಪರೀಕ್ಷೆ. ಡ್ರೈನ್ ಪೈಪನ್ನು ಟರ್ಬೊದಿಂದ ಬಿಚ್ಚಿ ಮೇಲಿನ ಬಾಯಿಗೆ ಆಲಿಕೆ ಇಡಿ. 60-70° ಸೆ. ಬಿಸಿ ಮಾಡಿದ 1 ಲೀಟರ್ ಆಯಿಲನ್ನು 15 ಸೆಕೆಂಡಿನಲ್ಲಿ ಸುರಿಯಿರಿ. ನಿಮಿಷಕ್ಕೆ 4 ಲೀಟರ್ ವೇಗ ಅದು. ಆಲಿಕೆಯಲ್ಲಿ ಆಯಿಲ್ ನಿಲ್ಲಬಾರದು, ಗುಳುಗುಳು ಅಂತ ಗಾಳಿ ಮೇಲೆ ಉಕ್ಕಲೂಬಾರದು. ಗುಳುಗುಟ್ಟಿದರೆ ಎಲ್ಲೋ ಪೈಪ್ ಪೂರ್ತಿ ತುಂಬುತ್ತಿದೆ ಎಂದರ್ಥ. ಪ್ಯಾನ್‌ನಲ್ಲಿ ಆ ಒಂದು ಲೀಟರ್ ಕಡಿಮೆ ಇಟ್ಟುಕೊಂಡೇ ಸುರಿಯಿರಿ.

---

ಹಳೇಸ್ಪ್ಯಾನರ್:

ಇದಕ್ಕೆ ಸೇರಿಸುವುದು: ಮೊದಲ ಸಲ ಫೀಡ್ ಬಾಯಿಗೆ ಶುದ್ಧ ಆಯಿಲ್ ಹುಯ್ದು ಕಂಪ್ರೆಸರ್ ಚಕ್ರವನ್ನು ಬೆರಳಲ್ಲಿ ತಿರುಗಿಸಿ. ಇಂಧನ ಮತ್ತು ಇಗ್ನಿಷನ್ ಎರಡೂ ಕಡಿದು, ಗೇಜ್‌ನಲ್ಲಿ ಒತ್ತಡ ಕಾಣುವವರೆಗೆ ಸ್ಟಾರ್ಟರ್ ಹೊಡೆಯಿರಿ, ಒಮ್ಮೆಗೆ 10 ಸೆಕೆಂಡ್ ಮೀರದಂತೆ. ಮೊದಲ ಐಡಲ್ ಐದು ನಿಮಿಷ, ಬೂಸ್ಟ್ ಇಲ್ಲ.

ಮುಂದೆ ಯಾವಾಗಲಾದರೂ ಹೊಗೆ ಬಂದರೆ ಟರ್ಬೊ ಬಿಚ್ಚುವ ಮೊದಲು ಈ ಕ್ರಮದಲ್ಲಿ ನೋಡಿ. ಐಡಲ್‌ನಲ್ಲಿ ಹೊಗೆ ಇರುವಾಗ ಆಯಿಲ್ ಫಿಲ್ಲರ್ ಮುಚ್ಚಳ ತೆಗೆಯಿರಿ. ಒಂದೆರಡು ನಿಮಿಷದಲ್ಲಿ ಹೊಗೆ ಇಳಿದರೆ ತಪ್ಪು ಬ್ರೀದರ್‌ನದು. ಇಳಿಯದಿದ್ದರೆ ಎಂಜಿನ್ ನಿಲ್ಲಿಸಿ, ಡ್ರೈನ್ ಪೈಪನ್ನು ಪ್ಯಾನ್‌ನಿಂದ ಬಿಚ್ಚಿ ಪ್ಯಾನ್ ಕಡೆಯ ಬಾಯಿ ಮುಚ್ಚಿ, ಪೈಪನ್ನು ದೊಡ್ಡ ಡಬ್ಬಕ್ಕೆ ಬಿಟ್ಟು ಐಡಲ್ ಮಾಡಿ. ಒಬ್ಬರು ಡಬ್ಬ ನೋಡುತ್ತಿರಲಿ, ಅರ್ಧ ಲೀಟರ್ ತುಂಬಿದ ಕೂಡಲೇ ಆಫ್ ಮಾಡಿ, ಆ ಆಯಿಲನ್ನು ವಾಪಸ್ ಹುಯ್ದು ಮತ್ತೆ ಶುರು. ಎಕ್ಸಾಸ್ಟ್‌ನಲ್ಲಿ ಮೊದಲೇ ಇಳಿದಿರುವ ಆಯಿಲ್ ಸುಟ್ಟು ಮುಗಿಯಲು ಸಮಯ ಬೇಕು, ಅಲ್ಲಿವರೆಗೆ ಹೊಗೆ ಇದ್ದೇ ಇರುತ್ತದೆ, ತೀರ್ಪು ಕೊಡಲು ಅವಸರ ಬೇಡ. ಆಮೇಲೆ ಹೊಗೆ ನಿಂತರೆ ಡ್ರೈನ್ ಅಥವಾ ಮರೆ. ಹಾಗೂ ನಿಲ್ಲದಿದ್ದರೆ ಮಾತ್ರ ಶಾಫ್ಟ್ ಅಲುಗಾಟ ನೋಡಲು ಟರ್ಬೊ ಬಿಚ್ಚಿ.